ಒಕುತಾಮದ ಜಲಪ್ರಸಾದ

ಟೋಕಿಯೊ ನಗರದ ಪಶ್ಚಿಮದ ಗಿರಿಶ್ರೇಣಿಯಲ್ಲಿ ಒಕುತಾಮ ಸರೋವರವಿದೆ. ಅಲ್ಲಿಯ ಕಾಲುಹಾದಿಗಳನ್ನೂ ಬೆಟ್ಟಗಳ ನೆರಳು ಹೊತ್ತ ಜಲರಾಶಿಯನ್ನೂ ಕಂಡು ನಾವು ಹರ್ಷಗೊಂಡೆವು. ಆದರೆ ಆ ನೀರಿನಡಿಯಲ್ಲಿ ಜನರು ಬಾಳಿದ ನೆಲವಿದೆ. 149 ಮೀಟರ್ ಎತ್ತರದ ಒಗೋಚಿ ಅಣೆಕಟ್ಟಿನ ಕಾರ್ಯವು 1938ರಲ್ಲಿ ಮೊದಲಾಗಿ, ಯುದ್ಧದಿಂದ ನಡುವೆ ನಿಂತು, 1957ರಲ್ಲಿ ಪೂರ್ಣವಾಯಿತು. ಅದಕ್ಕಾಗಿ 945 ಕುಟುಂಬಗಳು ಮನೆ ತೊರೆದವು. 87 ಮಂದಿ ಕಾಯಕದಲ್ಲಿರುವಾಗಲೇ ಪ್ರಾಣ ತೆತ್ತರು. ಅವರ ಸ್ಮಾರಕಶಿಲೆ ಅಲ್ಲಿಯೇ ಇದೆ. ಟೋಕಿಯೊ ಕುಡಿಯುವ ನೀರಿನಲ್ಲಿ ಈ ಸರೋವರದ ಪಾಲೂ ಉಂಟು.

ಅರ್ಪಿಸಿ ಸ್ವೀಕರಿಸಿದ ಪದಾರ್ಥವೇ ಪ್ರಸಾದವೆಂಬುದು ಶರಣರ ತಿಳಿವು. ಒಗೋಚಿಯ ಜನ ತಮ್ಮ ಅಂಗಳವನ್ನೇ ಅರ್ಪಿಸಿದರು. ಸದ್ಭಕ್ತರೇ, ಪ್ರಸಾದವನ್ನು ಚೆಲ್ಲದ ನಾವು ನೀರನ್ನು ಚೆಲ್ಲಬಹುದೇ?