ಸಂದಣಿಯಾಚೆಯ ಬಸದಿಗಳು: ಓದು ತೋರುವ ದಾರಿ

ಶ್ರವಣಬೆಳಗೊಳಕ್ಕೆ ಬರುವ ಪ್ರವಾಸಿಗರಲ್ಲಿ ಬಹುಮಂದಿ ಒಂದೇ ಬೆಟ್ಟವನ್ನು ಹತ್ತಿ ಮರಳುತ್ತಾರೆ. ದೊಡ್ಡಬೆಟ್ಟದ ಮೇಲಿನ 58 ಅಡಿ ಎತ್ತರದ ಗೊಮ್ಮಟನ ದರ್ಶನವಾದರೆ ಊರಿನ ದರ್ಶನವೇ ಮುಗಿಯಿತೆಂಬ ಭಾವನೆ ಬೇರೂರಿದೆ. ಎದುರಿಗಿರುವ ಚಿಕ್ಕಬೆಟ್ಟವಾದರೋ ಹೆಸರಿನಲ್ಲಿ ಮಾತ್ರ ಚಿಕ್ಕದು. ಪ್ರಭಾಚಂದ್ರರ ಸಮಾಧಿಮರಣವನ್ನು ತಿಳಿಸುವ, ಸುಮಾರು ಕ್ರಿ.ಶ. 600ರ ಶಾಸನ ಇರುವುದು ಅಲ್ಲಿ. ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸುವುದಕ್ಕಿಂತ ಮೂರೂವರೆ ಶತಮಾನಗಳಿಗೂ ಹಿಂದಿನದು ಅದು. ಅದೇ ಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂಬ ಬರಹವಿದ್ದು, ವಿದ್ವಾಂಸರು ಅದನ್ನು ರನ್ನನದೆಂದು ಗುರುತಿಸಿದ್ದಾರೆ. ‘ಗದಾಯುದ್ಧ’ವನ್ನು ಪಠ್ಯವಾಗಿ ಓದಿದ ಎಷ್ಟು ವಿದ್ಯಾರ್ಥಿಗಳು ಆ ಅಕ್ಷರಗಳ ಮುಂದೆ ನಿಂತಿದ್ದಾರು?

ಇಂದು ‘ಅಜ್ಞಾತ ತಾಣ’ಗಳ ಹುಡುಕಾಟ ಪ್ರವಾಸೋದ್ಯಮದ ಹೊಸ ರೂಢಿಯಾಗಿದೆ. ಜನರಿಲ್ಲದ ಕಡೆಗೆ ಹೋಗಿ, ಅದನ್ನು ತಾವೇ ಮೊದಲು ಕಂಡಂತೆ ಚಿತ್ರ ತೆಗೆದು ಹಂಚುವುದು ಅದರ ಕ್ರಮ. ಆದರೆ ಕರ್ನಾಟಕದ ಜೈನ ನೆಲೆಗಳಲ್ಲಿ ಅಜ್ಞಾತವೆನ್ನಬಹುದಾದವು ವಿರಳ. ಕಟ್ಟಿಸಿದವರ ಹೆಸರು, ದತ್ತಿಯ ವಿವರ, ಗುರುಪರಂಪರೆ ಎಲ್ಲವೂ ಕಲ್ಲಿನಲ್ಲಿ ದಾಖಲಾಗಿವೆ. ಶಾಸನಸಂಪುಟಗಳಲ್ಲಿ ಅಚ್ಚಾಗಿಯೂ ಇವೆ. ಕಳೆದುಹೋಗಿರುವುದು ಪುಸ್ತಕಕ್ಕೂ ಸ್ಥಳಕ್ಕೂ ನಡುವಣ ಕಾಲುದಾರಿ. ಅದನ್ನು ಮತ್ತೆ ತುಳಿಯುವ ಹೊಣೆ ಪ್ರವಾಸಿಗನಿಗಿಂತ ಹೆಚ್ಚಾಗಿ ಸಾಹಿತ್ಯದ ಓದುಗನದು.

ಶ್ರವಣಬೆಳಗೊಳದ ಶಾಸನಗಳ ಲೆಕ್ಕವೇ ಇದಕ್ಕೆ ಸಾಕ್ಷಿ. 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು; 1973ರ ಆವೃತ್ತಿಯಲ್ಲಿ 573 ಆಯಿತು. ಅದೇ ಊರು, ಅವೇ ಎರಡು ಬೆಟ್ಟಗಳು. ಬಲ್ಲವರು ಮತ್ತೆ ಮತ್ತೆ ನಡೆದು ನೋಡಿದಂತೆಲ್ಲ ಹೊಸದು ಕಂಡಿತು. ಅಪರಿಚಿತವನ್ನು ಅರಸಿ ದೂರ ಹೋಗಬೇಕಿಲ್ಲ, ಅದು ಪ್ರಸಿದ್ಧಿಯ ನೆರಳಿನಲ್ಲಿಯೇ ಇರುತ್ತದೆ.

ಬೆಳಗೊಳದ ಮಗ್ಗುಲಿನ ಜಿನನಾಥಪುರದಲ್ಲಿ ಹೊಯ್ಸಳ ಶೈಲಿಯ ಶಾಂತಿನಾಥ ಬಸದಿಯಿದೆ. ಬೆಳಗೊಳದ ಬಸದಿಗಳ ಹೊರಗೋಡೆಗಳಲ್ಲಿ ಕಾಣದ ಶಿಲ್ಪಸಮೃದ್ಧಿ ಇದರ ಗೋಡೆಗಳಲ್ಲಿದೆ. ನಾಗಮಂಗಲ ತಾಲೂಕಿನ ಕಂಬದಹಳ್ಳಿಗೆ ಹೆಸರು ಬಂದದ್ದೇ ಅಲ್ಲಿನ ಎತ್ತರದ ಬ್ರಹ್ಮದೇವರ ಕಂಬದಿಂದ. ಅದರ ಹಿಂದಿನ ಪಂಚಕೂಟ ಬಸದಿಯಲ್ಲಿ ಗಂಗರ ಕಾಲದ ವಾಸ್ತು ಉಳಿದಿದೆ. ಹಳೇಬೀಡಿನ ಹೊಯ್ಸಳೇಶ್ವರ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ದೇಗುಲಗಳಲ್ಲಿ ಒಂದು. ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಿಗುವ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ನೆನಪಿಗಾಗಿ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಅದರ ನವರಂಗದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ದೊಡ್ಡ ದೇಗುಲದ ಮುಂದೆ ನೆರೆಯುವ ಜನ ಅಲ್ಲಿಯವರೆಗೆ ಬರುವುದು ಅಪರೂಪ.

ಹುಬ್ಬಳ್ಳಿಯಿಂದ ಹಂಪೆಯ ಕಡೆಗೆ ಧಾವಿಸುವ ವಾಹನಗಳು ಗದಗ ದಾಟಿದೊಡನೆ ಲಕ್ಕುಂಡಿಯನ್ನು ಹಾಯ್ದುಹೋಗುತ್ತವೆ. ಅಲ್ಲಿನ ಬ್ರಹ್ಮಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ್ದು. ಶಾಸನದ ಕಾಲ 1007. ರನ್ನನ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತವಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೆಂದು ಹೆಸರಾದವಳು ಈಕೆ. ಓಲೆಗರಿಯ ಕಾಲದಲ್ಲಿ ಒಂದು ಕಾವ್ಯದ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ಗರಿ, ಎಷ್ಟು ದಿನಗಳ ಅನ್ನವಸ್ತ್ರ! ಗ್ರಂಥವನ್ನು ಉಳಿಸಿದ ಮನಸ್ಸೂ ಜಿನಾಲಯವನ್ನು ನಿಲ್ಲಿಸಿದ ಮನಸ್ಸೂ ಒಂದೇ ಎಂಬುದು ಆ ಗರ್ಭಗೃಹದ ಎದುರು ನಿಂತಾಗ ತಾನಾಗಿ ತಿಳಿಯುತ್ತದೆ.

ಕನ್ನಡದ ಓದುಗ ಕಾಣಲೇಬೇಕಾದ ಇನ್ನೊಂದು ನೆಲೆ ಇಂದಿನ ಕರ್ನಾಟಕದ ಗಡಿಯೊಳಗಿಲ್ಲ. ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿಯ ಗುಡ್ಡವನ್ನು ಅಲ್ಲಿಯವರು ಬೊಮ್ಮಲಗುಟ್ಟ, ಎಂದರೆ ಗೊಂಬೆಗಳ ಗುಡ್ಡ, ಎನ್ನುತ್ತಾರೆ. ಅದರ ಬಂಡೆಯ ಮೇಲೆ ಚಕ್ರೇಶ್ವರಿಯನ್ನೂ ತೀರ್ಥಂಕರರನ್ನೂ ಕಡೆಯಿಸಿದವನು ಜಿನವಲ್ಲಭ, ಪಂಪನ ತಮ್ಮ. ಹತ್ತನೆಯ ಶತಮಾನದ ಅವನ ಶಾಸನ ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿದೆ. ತೆಲುಗಿನ ವಿದ್ವಾಂಸರು ಅದರಲ್ಲಿರುವ ಕಂದಪದ್ಯಗಳಿಗಾಗಿ ಅದನ್ನು ಗೌರವಿಸುತ್ತಾರೆ. ಕನ್ನಡಕ್ಕೆ ಅದು ಆದಿಕವಿಯ ಮನೆಯ ಬಾಗಿಲನ್ನೇ ತೆರೆಯಿತು. ಪಂಪನ ತಾಯಿ ಅಬ್ಬಣಬ್ಬೆ, ಅವಳ ತವರು ಅಣ್ಣಿಗೇರಿ ಎಂಬ ಸಂಗತಿಗಳನ್ನು ತಿಳಿಸಿದ್ದು ಈ ಬಂಡೆ. ಜಿನವಲ್ಲಭ ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮಾಡಿಸಿದನೆಂದು ಅದು ಹೇಳುತ್ತದೆ. ಕವಿತಾಗುಣಾರ್ಣವ ಎಂಬುದು ಅಣ್ಣನ ಬಿರುದು. ತಮ್ಮನೊಬ್ಬ ಕವಿಯಾದ ಅಣ್ಣನ ಬಿರುದನ್ನು ಊರಿಗೆ ನೀರುಣಿಸುವ ಕೆರೆಗೆ ಇಟ್ಟನೆಂಬ ಈ ಒಂದು ವಿವರ, ಪಂಪನನ್ನು ಕುರಿತ ಹಲವು ಪುಟಗಳ ಪೀಠಿಕೆಗೆ ಸಮ.

ಇಂತಹ ಸ್ಥಳಗಳ ಬಗ್ಗೆ ಬರೆದರೆ ಅಲ್ಲಿಯೂ ಸಂದಣಿ ನೆರೆದು ಶಾಂತಿ ಕೆಡುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದುದು. ಇವುಗಳಲ್ಲಿ ಹಲವು ಇಂದಿಗೂ ಪೂಜೆ ನಡೆಯುವ ಬಸದಿಗಳು. ಸಲ್ಲೇಖನ ಕೈಗೊಂಡವರ ನಿಸಿದಿಗಳು ಚಿಕ್ಕಬೆಟ್ಟದಂಥ ಕಡೆ ತುಂಬಿವೆ. ಆದರೆ ಮೌನ ರಕ್ಷಣೆಯಾಗದು. ಕರೀಂನಗರದ ಸೀಮೆ ಗ್ರಾನೈಟ್ ಗಣಿಗಾರಿಕೆಗೆ ಹೆಸರಾದದ್ದು. ಅಂಥ ಕಡೆ ಬಂಡೆಯ ಬೆಲೆಯನ್ನು ಬಲ್ಲವರು ಇಲ್ಲವಾದರೆ ಅದು ಬರಿಯ ಕಲ್ಲು. ಗದ್ದೆಯ ಬದುವಿನಲ್ಲಿ ಬಿದ್ದ ಶಾಸನ ಬಟ್ಟೆ ಒಗೆಯುವ ಹಾಸುಗಲ್ಲಾಗುವುದೂ ಹೀಗೆಯೇ. ಯಾರೂ ಬಾರದಿರುವುದು ಪ್ರವಾಸಿಗೆ ಸುಖವೆನಿಸಬಹುದು. ಸ್ಥಳಕ್ಕೆ ಅದು ಅನಾಥತೆ.

ಆದ್ದರಿಂದ ಬೇಕಿರುವುದು ಸಂಖ್ಯೆಯಲ್ಲಿ ಕಿರಿದಾದ, ಸಿದ್ಧತೆಯಲ್ಲಿ ಹಿರಿದಾದ ಯಾತ್ರೆ. ಕನ್ನಡ ವಿಭಾಗಗಳ ವಾರ್ಷಿಕ ಪ್ರವಾಸ ಒಂದು ದಿನದಲ್ಲಿ ಐದು ಊರುಗಳನ್ನು ಓಡಿ ಮುಗಿಸುವ ಬದಲು ಒಂದೇ ಊರಿನಲ್ಲಿ ನಿಲ್ಲಲಿ. ಹೊರಡುವ ಮೊದಲು ಅಲ್ಲಿನ ಶಾಸನದ ಪಾಠವನ್ನು ತರಗತಿಯಲ್ಲಿ ಓದಲಿ; ಅಲ್ಲಿ ಅಕ್ಷರವನ್ನು ಪಾಠಕ್ಕೆ ಹೋಲಿಸಲಿ. ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು ಬೇಡ. ಓರೆಯಾಗಿ ಬೀಳುವ ಬೆಳಗಿನ ಬಿಸಿಲು ಅಕ್ಷರಗಳನ್ನು ಎತ್ತಿ ತೋರಿಸುತ್ತದೆ. ಸವೆದ ಸಾಲು, ಬಿರಿದ ಗೋಡೆ ಕಂಡರೆ ಗುರುತು ಹಾಕಿಕೊಂಡು ಸಂಬಂಧಪಟ್ಟವರಿಗೆ ತಿಳಿಸಲಿ. ಊರಿನ ಹಿರಿಯರಿಗೆ ಶಾಸನದ ಅರ್ಥವನ್ನು ಹೇಳಿಬರಲಿ. ಕಲ್ಲನ್ನು ಕಾಯುವವರು ಕೊನೆಗೆ ಅವರೇ.

ತೀರ್ಥವೆಂದರೆ ಹೊಳೆಯನ್ನು ದಾಟುವ ಕಡವು. ಜನರು ಹಾಯುತ್ತಿದ್ದರಷ್ಟೇ ಕಡವು ಕಡವಾಗಿ ಉಳಿಯುತ್ತದೆ. ಬಳಕೆ ತಪ್ಪಿದರೆ ಮುಳ್ಳುಕಂಟಿ ಬೆಳೆದು ಎಲ್ಲಿತ್ತೆಂಬುದೇ ಮರೆಯುತ್ತದೆ. ಕನ್ನಡದ ಓದುಗರು ಪಂಪ, ಪೊನ್ನ, ರನ್ನರ ನೆಲೆಗಳಿಗೆ ಹೋಗಬೇಕಾದದ್ದು ಈ ಕಾರಣಕ್ಕೆ.