ಪ್ರಮಾಣಪತ್ರದ ಹಿಂದಿರುವ ಅಧಿಕಾರ ಯಾರದು?

ಸಿ.ವಿ. ರಾಮನ್ ನಗರದ ಎಲ್.ಆರ್.ಡಿ.ಇ., ಜಿ.ಟಿ.ಆರ್.ಇ. ಪ್ರಯೋಗಾಲಯಗಳು, ಸಮೀಪದ ಬಿ.ಇ.ಎಂ.ಎಲ್. ಹಾಗೂ ಎಚ್.ಎ.ಎಲ್. ಮೊದಲಾದ ದೊಡ್ಡ ಖರೀದಿದಾರರನ್ನು ನಂಬಿ ಬೆಂಗಳೂರಿನ ಪೂರ್ವಭಾಗದಲ್ಲಿ ಅನೇಕ ಸಣ್ಣ ಘಟಕಗಳು ಬೆಳೆದಿವೆ. ಇಂಥ ವ್ಯವಹಾರದಲ್ಲಿ ಐ.ಎಸ್.ಒ. 9001 ಪ್ರಮಾಣಪತ್ರವನ್ನು ಕೇಳುವುದು ಸಾಮಾನ್ಯ. ಆದುದರಿಂದ ಆ ಪತ್ರವನ್ನು ನೀಡುವವರಿಗೆ ಅಧಿಕಾರವಿತ್ತವರು ಯಾರೆಂಬುದು ಸಣ್ಣ ಉದ್ಯಮಿಯ ಪಾಲಿಗೆ ಹಣದ ಪ್ರಶ್ನೆಯೇ ಆಗಿದೆ.

ಜಿನೀವಾದಲ್ಲಿರುವ ಐ.ಎಸ್.ಒ. ಸಂಸ್ಥೆಯು ಯಾರಿಗೂ ಪ್ರಮಾಣಪತ್ರ ನೀಡುವುದಿಲ್ಲ. ಅದರ ಸದಸ್ಯರು ಆಯಾ ದೇಶದ ಮಾನಕ ಸಂಸ್ಥೆಗಳು. 1947ರಲ್ಲಿ ಆರಂಭಗೊಂಡ ಭಾರತೀಯ ಮಾನಕ ಸಂಸ್ಥೆಯ ಉತ್ತರಾಧಿಕಾರಿಯಾಗಿ 1987ರಲ್ಲಿ ರೂಪುಗೊಂಡ ಭಾರತೀಯ ಮಾನಕ ಬ್ಯೂರೊ ನಮ್ಮ ದೇಶದ ಪ್ರತಿನಿಧಿ. ಮಾನಕಗಳ ರಚನೆಯಲ್ಲಿ ಭಾಗವಹಿಸುವುದು, ಅವನ್ನು ಭಾರತೀಯ ಮಾನಕಗಳಾಗಿ ಅಂಗೀಕರಿಸುವುದು ಅದರ ಮೂಲ ಕರ್ತವ್ಯ. ಅದರ ಜೊತೆಗೆ 1991ರಿಂದ ಗುಣಮಟ್ಟ ನಿರ್ವಹಣಾ ವ್ಯವಸ್ಥೆಗಳಿಗೆ ಪ್ರಮಾಣಪತ್ರವನ್ನೂ ಅದು ನೀಡುತ್ತ ಬಂದಿದೆ. ಖಾಸಗಿ ಪ್ರಮಾಣೀಕರಣ ಸಂಸ್ಥೆಗಳ ಸಾಮರ್ಥ್ಯವನ್ನು ಪರೀಕ್ಷಿಸಿ ಮಾನ್ಯತೆ ನೀಡುವ ಹೊಣೆ ಮಾತ್ರ ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ಎನ್.ಎ.ಬಿ.ಸಿ.ಬಿ.ಗೆ ಸೇರಿದೆ.

ನಿಯಮ ರಚಿಸುವವರೇ ಪ್ರಮಾಣಪತ್ರದ ಮಾರುಕಟ್ಟೆಗೂ ಇಳಿಯುವುದು ಸರಿಯೇ ಎಂಬ ಆಕ್ಷೇಪವು ನಿರಾಧಾರವಲ್ಲ. ಆದರೆ ದಳ್ಳಾಳಿಗಳು ಪರಿಶೀಲನೆಯನ್ನೇ ನಡೆಸದೆ ಪತ್ರ ಕೊಡಿಸುವ ಆಮಿಷವೊಡ್ಡುವ ಕಡೆ, ಸರ್ಕಾರಿ ಸಂಸ್ಥೆಯೊಂದು ಕಣದಲ್ಲಿರುವುದು ಉದ್ಯಮಿಗೆ ಒಂದು ಆಸರೆಯೇ. ಬ್ಯೂರೊ ಹೆಚ್ಚು ಶ್ರಮಿಸಬೇಕಾದುದು ತನ್ನ ಮೊದಲ ಕರ್ತವ್ಯದಲ್ಲಿ. ಹತ್ತು ಮಂದಿ ಕೆಲಸಗಾರರಿರುವ ಘಟಕದ ಕಷ್ಟಸುಖಗಳು ಕರಡು ಹಂತದಲ್ಲಿಯೇ ಸಮಿತಿಯ ಕಿವಿಗೆ ಬೀಳಬೇಕು. ಕರಡುಗಳ ಮೇಲೆ ಸಾರ್ವಜನಿಕ ಅಭಿಪ್ರಾಯ ಆಹ್ವಾನಿಸುವ ಪದ್ಧತಿ ಇದೆ. ಅದನ್ನು ಬಳಸಿಕೊಳ್ಳುವುದು ವಾಣಿಜ್ಯ ಮಂಡಳಿಗಳ ಹೊಣೆ.

ಉದ್ಯಮಿಗಳೂ ಕೆಲವು ಎಚ್ಚರಗಳನ್ನು ವಹಿಸುವುದು ಲೇಸು. ಐ.ಎಸ್.ಐ. ಗುರುತು ವಸ್ತುವಿಗೆ ಸಂಬಂಧಿಸಿದ್ದು, 9001 ಕಾರ್ಯವಿಧಾನಕ್ಕೆ ಸಂಬಂಧಿಸಿದ್ದು. ಒಂದು ಮತ್ತೊಂದಕ್ಕೆ ಬದಲಿಯಾಗದು. ಹಣ ಕಟ್ಟುವ ಮೊದಲು ಪ್ರಮಾಣೀಕರಣ ಸಂಸ್ಥೆಗೆ ಮಾನ್ಯತೆ ಇದೆಯೇ, ಆ ಮಾನ್ಯತೆಯ ವ್ಯಾಪ್ತಿಗೆ ತಮ್ಮ ಉದ್ಯಮ ಸೇರಿದೆಯೇ ಎಂದು ನೋಡಬೇಕು. ಸಲಹೆಯನ್ನೂ ಪ್ರಮಾಣಪತ್ರವನ್ನೂ ಒಂದೇ ಸಂಸ್ಥೆ ಕೊಡುವುದನ್ನು ಅಂತರರಾಷ್ಟ್ರೀಯ ನಿಯಮ ಒಪ್ಪುವುದಿಲ್ಲ. ಮೂರು ವರ್ಷಗಳ ಅವಧಿಯಲ್ಲಿ ವಾರ್ಷಿಕ ತಪಾಸಣೆಯೂ ಇರಲೇಬೇಕು. ಇವುಗಳನ್ನು ಕಡೆಗಣಿಸಿ ಅಗ್ಗಕ್ಕೆ ಪಡೆದ ಪತ್ರವು ಟೆಂಡರಿನ ಮೇಜಿನ ಮೇಲೆ ತಿರಸ್ಕೃತವಾದರೆ, ಕಟ್ಟಿದ ಹಣದೊಡನೆ ಬರಬೇಕಾಗಿದ್ದ ಕೆಲಸವೂ ಕೈತಪ್ಪುತ್ತದೆ.