ಶ್ವಾಸಕೋಶ ಬದಲಾಯಿಸಿದರೆ ಕ್ಯಾನ್ಸರ್ ಹೋಗುತ್ತದೆಯೇ?

ಪ್ರಶ್ನೆ: ನನ್ನ ಯಜಮಾನರಿಗೆ ಐವತ್ತೆರಡು ವರ್ಷ. ಶ್ವಾಸಕೋಶದ ಕ್ಯಾನ್ಸರ್, ಮೂಳೆಗೂ ಹರಡಿದೆ ಅಂತ ಡಾಕ್ಟರು ಹೇಳಿದರು. ಅಮೆರಿಕದಲ್ಲಿ ಇಂಥ ರೋಗಿಗೆ ಬೇರೆ ಶ್ವಾಸಕೋಶ ಹಾಕಿ ಉಳಿಸಿದರಂತೆ. ನನ್ನದೇ ಒಂದನ್ನು ಕೊಡುತ್ತೇನೆ. ಮನೆ ಮಾರಿದರೂ ಚಿಂತೆಯಿಲ್ಲ. ದಾರಿ ತೋರಿಸಿ.
– ನೊಂದ ಸೋದರಿ

ಉತ್ತರ: ಸೋದರಿ, ನಿಮ್ಮ ಕಾಗದ ಓದಿ ಮನಸ್ಸು ಭಾರವಾಯಿತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಈ ಶಸ್ತ್ರಕ್ರಿಯೆಗಾಗಿ ಮನೆ ಮಾರಬೇಡಿ.

ನೀವು ಕೇಳಿದ ಸುದ್ದಿ ಸುಳ್ಳಲ್ಲ. 2021ರ ಸೆಪ್ಟೆಂಬರಿನಲ್ಲಿ ಚಿಕಾಗೋದ ನಾರ್ತ್‌ವೆಸ್ಟರ್ನ್ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಆಗಿದ್ದ ಒಬ್ಬ ಸಿಮೆಂಟ್ ಕೆಲಸಗಾರನಿಗೆ ಎರಡೂ ಶ್ವಾಸಕೋಶ ಬದಲಾಯಿಸಿದರು. ಆತ ಸಿಗರೇಟು ಸೇದುವವನೂ ಅಲ್ಲ. ಆದರೆ ಅವನ ರೋಗ ಶ್ವಾಸಕೋಶ ಬಿಟ್ಟು ಆಚೆ ಹೋಗಿರಲಿಲ್ಲ. ನಿಮ್ಮ ಯಜಮಾನರಿಗೆ ಮೂಳೆಗೆ ಹೋಗಿದೆ. ವ್ಯತ್ಯಾಸ ಇಲ್ಲಿದೆ.

ಬೇರೆಯವರ ಅಂಗವನ್ನು ದೇಹ ತಿರಸ್ಕರಿಸದಿರಲು, ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆಗಳನ್ನು ಬದುಕಿರುವವರೆಗೂ ನುಂಗಬೇಕು. ಒಳಗೆಲ್ಲೋ ಕ್ಯಾನ್ಸರ್ ಉಳಿದಿದ್ದರೆ? ಕಾವಲುಗಾರನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದಂತೆ! 1963ರಲ್ಲಿ ಮಿಸಿಸಿಪಿಯಲ್ಲಿ ಡಾ. ಜೇಮ್ಸ್ ಹಾರ್ಡಿ ಮನುಷ್ಯನಿಗೆ ಮೊದಲ ಸಲ ಶ್ವಾಸಕೋಶ ಕಸಿ ಮಾಡಿದ್ದೂ ಕ್ಯಾನ್ಸರ್ ರೋಗಿಗೇ. ಆತ ಮೂತ್ರಪಿಂಡ ಕೆಟ್ಟು ಹದಿನೆಂಟೇ ದಿನ ಬದುಕಿದ. ಇಂದಿಗೂ ಹರಡಿದ ಕ್ಯಾನ್ಸರಿಗೆ ಈ ಶಸ್ತ್ರಕ್ರಿಯೆ ಮಾಡುವುದಿಲ್ಲ.

ನಿಮ್ಮ ಶ್ವಾಸಕೋಶ ಕೊಡುವ ಮಾತೂ ಬೇಡ. ಮೆದುಳು ಸತ್ತವರ ಮನೆಯವರು ದಾನ ಮಾಡಿದ ಶ್ವಾಸಕೋಶವನ್ನೇ ಸಾಮಾನ್ಯವಾಗಿ ಕಸಿ ಮಾಡುತ್ತಾರೆ.

ಹಾಗಾದರೆ ಮಾಡುವುದೇನು? ತುಣುಕು ತೆಗೆದು ಪರೀಕ್ಷಿಸಿದಾಗ ಜೀನ್ ಪರೀಕ್ಷೆಯೂ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ. ಇ.ಜಿ.ಎಫ್.ಆರ್., ಎ.ಎಲ್.ಕೆ. ಎಂಬ ಜೀನ್‌ಗಳಲ್ಲಿ ಬದಲಾವಣೆ ಕಂಡರೆ ರೋಗವನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ರೋಗ ಪೂರ್ತಿ ಹೋಗದಿದ್ದರೂ ಕೆಲವರಿಗೆ ವರ್ಷಗಟ್ಟಲೆ ಆಯುಸ್ಸು ಸಿಕ್ಕಿದೆ. ಮೂಳೆಯ ನೋವಿಗೆ ವಿಕಿರಣ ಚಿಕಿತ್ಸೆ ಉಂಟು. ನೋವು ಜಾಸ್ತಿಯಾಗಿ ಡಾಕ್ಟರು ಮಾರ್ಫಿನ್ ಬರೆದುಕೊಟ್ಟರೆ ಚಟವಾದೀತೆಂದು ಹೆದರಬೇಡಿ; ಹೇಳಿದ ಪ್ರಮಾಣದಲ್ಲೇ ಕೊಡಿ. ಉಬ್ಬಸ ಬಂದಾಗ ದಿಂಬು ಒರಗಿಸಿ ಕೂರಿಸಿ, ಮುಖಕ್ಕೆ ಫ್ಯಾನ್ ಗಾಳಿ ಬರಲಿ. ಒಂದೇ ಸಲ ತಟ್ಟೆ ತುಂಬ ಬಡಿಸದೆ ಸ್ವಲ್ಪಸ್ವಲ್ಪವೇ ಗಂಜಿಯನ್ನೋ ಮೆತ್ತಗಿನ ಅನ್ನವನ್ನೋ ಕೊಡಿ.

ಒಡವೆ, ಮನೆ ಇರಲಿ. ಅವರಿಗೀಗ ಬೇಕಾಗಿರುವುದು ಪಕ್ಕದಲ್ಲಿ ಕೂತ ನೀವು. ನೀವೂ ಹೊತ್ತಿಗೆ ಸರಿಯಾಗಿ ಎರಡು ತುತ್ತು ಉಣ್ಣಿ, ತಾಯಿ.